ಬರೆದದ್ದನ್ನು ಬರೆದ ಹಾಗೆ

ನಮ್ಮೂರಿನ ವಾಚನಾಲಯದಲ್ಲಿ ತಿಂಗಳಿಗೊಂದು ಉಪನ್ಯಾಸ ಇರುತ್ತದೆ. ಈ ಸಲ ನನ್ನ ಸರದಿ. ಸೆಕ್ರೆಟರಿ ಫೋನ್ ಮಾಡಿ, "ಮಾಸ್ಟ್ರೇ, ಬೈಬಲ್ ಬಗ್ಗೆ ಮಾತಾಡಿ. ಆದರೆ ಪ್ರಸಂಗ ಬೇಡ" ಅಂದರು. ನಮ್ಮ ಕಾಸರಗೋಡಿನಲ್ಲಿ ಪ್ರಸಂಗ ಅಂದರೆ ಯಕ್ಷಗಾನದ್ದೂ ಆಗಬಹುದು, ಚರ್ಚಿನದ್ದೂ ಆಗಬಹುದು. ಎರಡೂ ಬೇಡ ಅಂತ ತಿಳಿದುಕೊಂಡೆ. ಅವತ್ತು ಬಾಯಲ್ಲಿ ಬಂದದ್ದನ್ನು ಆಮೇಲೆ ಕೂತು ಬರೆದಿದ್ದೇನೆ. ಕೆಲವು ಕಡೆ ದಾರಿ ತಪ್ಪಿ ಎಲ್ಲೆಲ್ಲೋ ಹೋಗಿದ್ದೆ. ಅದನ್ನು ಜಾಸ್ತಿ ತಿದ್ದಲಿಲ್ಲ.

ಎಲ್ಲರಿಗೂ ನಮಸ್ಕಾರ.

ಪೆರ್ಲದಲ್ಲಿ ನಿಂತರೆ ಸ್ವರ್ಗಕ್ಕೆ ಬಸ್ಸು ಸಿಗುತ್ತದೆ. ನಿಮಗೆ ಇದು ದೊಡ್ಡ ವಿಷಯ ಅಲ್ಲ. ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಅಂತ ಊರೇ ಇದೆ. ಆದರೆ ಒಮ್ಮೆ ಬೆಂಗಳೂರಿನಿಂದ ಬಂದ ನನ್ನ ಸ್ನೇಹಿತರೊಬ್ಬರು ಆ ಬೋರ್ಡ್ ನೋಡಿ ನಿಂತಲ್ಲೇ ನಿಂತುಬಿಟ್ಟರು. ಫೋಟೋ ತೆಗೆದರು. ಕಂಡಕ್ಟರನ್ನು ಕರೆದು, "ಸ್ವರ್ಗಕ್ಕೆ ಟಿಕೆಟ್ ಎಷ್ಟಪ್ಪಾ?" ಅಂತ ಕೇಳಿದರು. ಅವನಿಗೆ ಇಂಥವರನ್ನು ಎಷ್ಟು ನೋಡಿ ಅಭ್ಯಾಸವೋ. "ಹೋಗಲಿಕ್ಕೂ ಇದೆ, ಬರಲಿಕ್ಕೂ ಇದೆ, ಹತ್ತಿ" ಅಂದ.

ನನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಿಲ್ಲ. ಬೋರ್ಡ್ ಬರೆಸಿದವರಿಗೆ ತಾವು ಏನು ಬರೆಸಿದ್ದು ಅಂತ ಗೊತ್ತು. ಬಸ್ಸು ಹತ್ತುವ ಹೆಂಗಸರಿಗೂ ಮಕ್ಕಳಿಗೂ ಗೊತ್ತು. ಗೊಂದಲ ಆದದ್ದು ಹೊರಗಿಂದ ಬಂದು ಓದಿದವರಿಗೆ ಮಾತ್ರ. ಹಾಗಾದರೆ ಆ ಬೋರ್ಡನ್ನು ಅಕ್ಷರಶಃ ಓದಿದವರು ಯಾರು? ಸ್ನೇಹಿತರೋ, ಬಸ್ಸು ಹತ್ತಿದವರೋ?

ನಾನು ಬೈಬಲನ್ನು ಅಕ್ಷರಶಃ ಓದುವವರ ಗುಂಪಿನವನು. ಮೊದಲೇ ಹೇಳಿಬಿಡುತ್ತೇನೆ. ನಮ್ಮಜ್ಜ ಬಾಸೆಲ್ ಮಿಶನ್ ಅನ್ನುವ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆಯ ಕಡೆಯವರು. ಮನೆಯಲ್ಲಿ ತುಳು, ದೇವಾಲಯದಲ್ಲಿ (ನಾವು ಚರ್ಚಿಗೆ ಹಾಗೇ ಅನ್ನುವುದು) ಕನ್ನಡ, ಕಚೇರಿಗೆ ಹೋದರೆ ಮಲಯಾಳ. ರಾತ್ರಿ ಊಟಕ್ಕೆ ಮುಂಚೆ ಒಂದು ಅಧ್ಯಾಯ ಓದಲೇಬೇಕು. ಓದಿ ಮುಗಿಸಿ ಅಜ್ಜ ಪುಸ್ತಕ ಮುಚ್ಚುತ್ತಾ, "ಬರೆದದ್ದು ಬರೆದ ಹಾಗೆ" ಅನ್ನುತ್ತಿದ್ದರು. ಅದಕ್ಕೆ ವಿವರಣೆ ಇಲ್ಲ, ಚರ್ಚೆ ಇಲ್ಲ. ಗಂಜಿ ತಣ್ಣಗಾಗುತ್ತಿತ್ತು, ಅದೂ ಒಂದು ಕಾರಣ ಇರಬಹುದು.

ಬರೆದದ್ದು ಬರೆದ ಹಾಗೆ ಅಂದರೆ ಏನು? ನಾವು ಓದುವುದು ಮೂಲವನ್ನಂತೂ ಅಲ್ಲ. ಹಳೆ ಒಡಂಬಡಿಕೆ ಹೀಬ್ರೂ ಭಾಷೆಯಲ್ಲಿದೆ, ಅಲ್ಲಲ್ಲಿ ಸ್ವಲ್ಪ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕಿನಲ್ಲಿದೆ. ಅಧ್ಯಾಯಗಳ ಸಂಖ್ಯೆ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ ಒಬ್ಬ ಫ್ರೆಂಚ್ ಮುದ್ರಕ. ಇಡೀ ಬೈಬಲನ್ನು ಮೊದಲು ಕನ್ನಡಕ್ಕೆ ತಂದವರು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್. 1831ರ ಹೊತ್ತಿಗೆ ಅದು ಅಚ್ಚಾಗಿ ಮುಗಿಯಿತು. ಬಾಸೆಲಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದ ಮೂವರಲ್ಲಿ ಒಬ್ಬರಾದ ಗ್ರೈನರ್ ತುಳು ಕಲಿತರು. 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂತು. ಅಂದರೆ ನಮ್ಮ ಅಜ್ಜಿಯ ಅಜ್ಜಿಗೆ ಯೇಸುಸ್ವಾಮಿ ತುಳುವಿನಲ್ಲೇ ಮಾತಾಡಿದರು.

ಕರ್ತನ ಪ್ರಾರ್ಥನೆ ನೋಡಿ. ಕನ್ನಡದಲ್ಲಿ ನಾವು ಅನುದಿನದ ಆಹಾರ ಕೊಡು ಅಂತ ಕೇಳುತ್ತೇವೆ. ಗ್ರೀಕಿನಲ್ಲಿರುವುದು ರೊಟ್ಟಿ. ಕುಚ್ಚಲಕ್ಕಿ ಗಂಜಿ ಕುಡಿಯುವ ಊರಿನಲ್ಲಿ ರೊಟ್ಟಿ ಕೊಡು ಅಂತ ದಿನಾ ಬೇಡಿದರೆ ಅದು ಹಸಿವಿನ ಪ್ರಾರ್ಥನೆ ಆಗುವುದಿಲ್ಲ, ಹೋಟೆಲಿನ ಆರ್ಡರ್ ಆಗುತ್ತದೆ. ಅನುವಾದ ಮಾಡಿದವರಿಗೆ ಇದು ಹೊಳೆದಿರಬೇಕು. ಅಕ್ಷರ ಬಿಟ್ಟರು, ಮಾತನ್ನು ಉಳಿಸಿಕೊಂಡರು. ಅಜ್ಜ ಯಾವತ್ತೂ ಇದಕ್ಕೆ ತಕರಾರು ಮಾಡಿದ್ದಿಲ್ಲ.

ಕೀರ್ತನೆಗಳಲ್ಲಿ ದೇವರು ತನ್ನ ರೆಕ್ಕೆಗಳ ಕೆಳಗೆ ನಮ್ಮನ್ನು ಕಾಯುತ್ತಾನೆ ಅಂತ ಇದೆ. ಹಾಗಂತ ದೇವರಿಗೆ ಪುಕ್ಕ ಇದೆ ಅಂತ ಯಾರೂ ಹೇಳುವುದಿಲ್ಲ. ಇದು ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲ. ನಿಮಗೆ ನಾನು ಹೇಳಿಕೊಡಬೇಕಾ? ರಂಗಸ್ಥಳದಲ್ಲಿ ಅರ್ಜುನ ನಾಲ್ಕು ಹೆಜ್ಜೆ ಕುಣಿದರೆ ರಥ ಹೊರಟಿತು ಅಂತ ಅರ್ಥ. ಕುದುರೆ ಎಲ್ಲಿ ಅಂತ ಯಾರೂ ಕೂಗುವುದಿಲ್ಲ. ಬಣ್ಣದ ವೇಷ ಅಬ್ಬರಿಸಿಕೊಂಡು ಬಂದರೆ ಮಗು ಅಮ್ಮನ ಸೆರಗು ಹಿಡಿಯುತ್ತದೆ. ಅಮ್ಮ ಹೆದರುವುದಿಲ್ಲ. ಹಾಗಂತ ಅಮ್ಮನಿಗೆ ಆಟದ ಮೇಲೆ ನಂಬಿಕೆ ಕಮ್ಮಿ ಅಂತಲಾ? ಆಟವನ್ನು ಆಟದ ಹಾಗೆ ನೋಡಲು ಅವಳಿಗೆ ಬರುತ್ತದೆ, ಅಷ್ಟೇ. ಪದ್ಯವನ್ನು ಪದ್ಯದ ಹಾಗೆ, ಕಾನೂನನ್ನು ಕಾನೂನಿನ ಹಾಗೆ, ಪತ್ರವನ್ನು ಪತ್ರದ ಹಾಗೆ. ಬರೆದ ಹಾಗೆ ಓದುವುದು ಅಂದರೆ ನನಗೆ ಇದು. 1978ರಲ್ಲಿ ಶಿಕಾಗೋದಲ್ಲಿ ನೂರಾರು ಮಂದಿ ಪಂಡಿತರೂ ಪಾದ್ರಿಗಳೂ ಸೇರಿ ಬೈಬಲಿನಲ್ಲಿ ತಪ್ಪೇ ಇಲ್ಲ ಅಂತ ಒಂದು ಹೇಳಿಕೆಗೆ ಸಹಿ ಹಾಕಿದರು. ಅಂಥ ಬಿಗಿ ಜನ ಕೂಡ ಬರಹದ ಬಗೆಯನ್ನು ನೋಡಿಕೊಂಡೇ ಅರ್ಥ ಮಾಡಬೇಕು ಅಂತ ಅದರಲ್ಲಿ ಬರೆದಿದ್ದಾರೆ.

ನಮ್ಮೂರಲ್ಲಿ ಹೀಗೆ ಓದಿದ ಒಬ್ಬರಿದ್ದರು, ಅವರು ಕ್ರೈಸ್ತರೂ ಅಲ್ಲ. ಮಂಜೇಶ್ವರದ ಗೋವಿಂದ ಪೈಯವರು. ಕ್ರಿಸ್ತನ ಕೊನೆಯ ದಿನವನ್ನು ಕನ್ನಡದಲ್ಲಿ ಖಂಡಕಾವ್ಯ ಮಾಡಿದರು, ಗೊಲ್ಗೊಥಾ ಅಂತ. ಸುವಾರ್ತೆಯ ಆ ಪುಟಗಳನ್ನು ನಮ್ಮಲ್ಲಿ ಅಷ್ಟು ನಿಧಾನವಾಗಿ ಓದಿದವರು ಎಷ್ಟು ಜನ ಅಂತ ನನಗೆ ನಾಚಿಕೆ ಆಗುತ್ತದೆ.

ಇನ್ನು ಆರು ದಿನದ ಸೃಷ್ಟಿ, ಹಾವು ಮಾತಾಡಿದ್ದು, ಜಲಪ್ರಳಯ. ಅಕ್ಷರಶಃ ಓದುವುದು ಅಂದ ಕೂಡಲೇ ಜನ ಇದನ್ನೇ ಕೇಳುತ್ತಾರೆ. ಅಮೆರಿಕದಲ್ಲಿ 1925ರಲ್ಲಿ ವಿಕಾಸವಾದ ಕಲಿಸಿದ ಒಬ್ಬ ಮೇಷ್ಟ್ರ ಮೇಲೆ ಕೇಸೇ ಆಯಿತು. ಆದರೆ ಆಗಸ್ಟೀನ್ ಅನ್ನುವ ಬಿಷಪ್ 5ನೇ ಶತಮಾನದಲ್ಲೇ, ಈ ಸೃಷ್ಟಿಯ ಕಥೆ ಇರುವ ಆದಿಕಾಂಡಕ್ಕೆ ಅಕ್ಷರಶಃ ವ್ಯಾಖ್ಯಾನ ಅಂತಲೇ ಹೆಸರಿಟ್ಟು ದೊಡ್ಡ ಪುಸ್ತಕ ಬರೆದ. ಅದರಲ್ಲೇ ಆ ದಿನಗಳು ನಮ್ಮ ದಿನಗಳ ಹಾಗಿನವಲ್ಲ ಅಂದ. ಸೂರ್ಯ ಹುಟ್ಟಿದ್ದೇ ನಾಲ್ಕನೇ ದಿನ ಅಲ್ವಾ? ನಾನು ಈ ಜಗಳಕ್ಕೆ ಇಳಿಯುವುದಿಲ್ಲ. ಹೆದರಿಕೆಯಿಂದ ಅಲ್ಲ. ಭೂಮಿಗೆ ಆರು ಸಾವಿರ ವರ್ಷ ಅಂತ ನಂಬಲು ನನಗೆ ಒಂದು ರೂಪಾಯಿ ಖರ್ಚಿಲ್ಲ. ನಂಬಿದ ಮರುದಿನ ಬೆಳಿಗ್ಗೆ ನನ್ನ ತೋಟದಲ್ಲಿ, ನನ್ನ ಪರ್ಸಿನಲ್ಲಿ, ನನ್ನ ಬಾಯಲ್ಲಿ ಏನೂ ಬದಲಾಗಬೇಕಿಲ್ಲ. ನನಗೆ ಭಯ ಹುಟ್ಟಿಸುವ ವಚನಗಳು ಬೇರೆ ಇವೆ. ಅವು ತುಂಬ ಸರಳವಾಗಿವೆ. ಹೀಬ್ರೂ ಪಂಡಿತರನ್ನು ಕೇಳಬೇಕಾಗಿಯೇ ಇಲ್ಲ.

ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕು. ಅವನು ಬಡವ, ಅವನ ಜೀವ ಆ ದುಡ್ಡಿನ ಮೇಲೇ ಇದೆ. ಅಷ್ಟೇ. ಇದನ್ನು ರೂಪಕ ಅಂತ ಹೇಳಿ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ನಮ್ಮಮ್ಮ ಇದನ್ನು ಹಾಗೆಯೇ ಹಿಡಿದುಕೊಂಡಿದ್ದರು. ಅಪ್ಪ ಶನಿವಾರ ಒಟ್ಟಿಗೆ ಮಜೂರಿ ಕೊಡುವ ಪದ್ಧತಿ ತಂದರು. ಸುತ್ತಮುತ್ತ ಎಲ್ಲ ತೋಟದವರೂ ಹಾಗೇ ಮಾಡುತ್ತಿದ್ದರು. ಲೆಕ್ಕಕ್ಕೂ ಸುಲಭ. ಅಮ್ಮ ಕೇಳಿದ್ದು ಒಂದೇ ಮಾತು. "ಹೊತ್ತು ಮುಳುಗುವುದು ಶನಿವಾರ ಮಾತ್ರವಾ?" ಅಪ್ಪನ ಪದ್ಧತಿ ಅಲ್ಲಿಗೆ ಮುಗಿಯಿತು. ಅಮ್ಮನ ಹತ್ತಿರ ಒಂದು ಬಿಸ್ಕೆಟ್ ಡಬ್ಬಿ ಇತ್ತು. ಅದರಲ್ಲಿ ಯಾವಾಗಲೂ ಚಿಲ್ಲರೆ ಇರಬೇಕು. ವಾರದ ಪೇಟೆ ಖರ್ಚು ನಿಂತರೂ ಪರವಾಗಿಲ್ಲ, ಡಬ್ಬಿ ಖಾಲಿ ಆಗಬಾರದು.

ಒಂದು ದಿನ ಖಾಲಿ ಆಯಿತು. ಅಡಿಕೆ ಕೊಯ್ಯಲು ಬಂದವರಲ್ಲಿ ಒಬ್ಬರಿಗೆ ಕೊಡಲು ಚಿಲ್ಲರೆ ಇಲ್ಲ. "ನಾಳೆ ಕೊಡಿ ಅಮ್ಮಾ" ಅಂತ ಹೇಳಿ ಅವರು ಹೊರಟುಬಿಟ್ಟರು. ನನಗಾಗ ಹತ್ತು ವರ್ಷ ಇರಬೇಕು. ಅಮ್ಮ ನನ್ನನ್ನು ಅಂಗಡಿಗೆ ಓಡಿಸಿದರು. ನೋಟು ಮುರಿಸಿಕೊಂಡು ಬಯಲು ದಾಟಿ, ಸಂಕ ದಾಟಿ, ಗುಡ್ಡ ಹತ್ತಿ ಅವರ ಮನೆಗೆ ಹೋದೆ. ಓಡುತ್ತಾ ಪಡುವಣ ಕಡೆ ನೋಡುತ್ತಿದ್ದೆ. ಸೂರ್ಯ ಕಡಲಿಗೆ ತಾಗುತ್ತಿದ್ದ. ಸಂಕದ ಹತ್ತಿರ ಅರ್ಧ ಆದ. ನಾನು ಅವರ ಅಂಗಳ ಮುಟ್ಟುವಾಗ ಅವರು ಚಿಮಿಣಿ ದೀಪ ಹಚ್ಚಿಯಾಗಿತ್ತು. ವಾಪಸ್ ಬಂದಾಗ ಅಮ್ಮ ಮಜೂರಿ ಕೊಟ್ಟೆಯಾ ಅಂತ ಕೇಳಲಿಲ್ಲ. "ಹೊತ್ತು ಇತ್ತಾ ಮಗಾ?" ಅಂದರು. "ಇತ್ತು" ಅಂದೆ.

ಇವತ್ತು 60 ವರ್ಷ ಹತ್ತಿರ ಆಯಿತು. ಆ ಸುಳ್ಳು ಇನ್ನೂ ನನ್ನ ಹತ್ತಿರವೇ ಇದೆ. ಒಂದು ವಚನವನ್ನು ಉಳಿಸಲು ಇನ್ನೊಂದನ್ನು ಮುರಿದೆ. ಅಕ್ಷರ ಹಿಡಿದು ಬದುಕುವವರ ಮನೆಯಲ್ಲಿ ಇಂಥ ಕಳ್ಳತನಗಳೂ ನಡೆಯುತ್ತವೆ ಅಂತ ಹೇಳಬೇಕು ಅನಿಸಿತು, ಹೇಳಿದೆ.

ಈಗ ಆಣೆಯ ವಿಷಯ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಆಣೆ ಇಡಲೇಬೇಡಿ ಅನ್ನುತ್ತಾರೆ. ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ. ಯಾಕೋಬನ ಪತ್ರಿಕೆಯಲ್ಲೂ ಅದೇ ಮಾತು ಬರುತ್ತದೆ. ತಮಾಷೆ ನೋಡಿ. ಸಿನಿಮಾದ ಕೋರ್ಟಿನಲ್ಲಿ ಕ್ರೈಸ್ತರ ಕೈಯನ್ನು ಯಾವ ಪುಸ್ತಕದ ಮೇಲೆ ಇಡಿಸಿ ಆಣೆ ಮಾಡಿಸುತ್ತಾರೆ? ಆಣೆ ಇಡಬೇಡ ಅಂತ ಬರೆದಿರುವ ಪುಸ್ತಕದ ಮೇಲೆ!

ನನಗೂ ಒಂದು ಆಸ್ತಿ ತಕರಾರಿನಲ್ಲಿ ಸಾಕ್ಷಿ ಹೇಳಲು ಹೋಗಬೇಕಾಯಿತು. ತಕರಾರು ನನ್ನದಲ್ಲ, ನೆಂಟರದ್ದು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಅಂದರು. ನಾನು ಪ್ರಮಾಣ ಮಾಡುವುದಿಲ್ಲ, ಸತ್ಯ ಹೇಳುತ್ತೇನೆ ಅಂತ ದೃಢವಾಗಿ ಹೇಳುತ್ತೇನೆ ಅಂದೆ. 1969ರ ಪ್ರಮಾಣ ಕಾಯಿದೆಯಲ್ಲಿ ಅದಕ್ಕೆ ಅವಕಾಶ ಇದೆ. ಕ್ವೇಕರ್ ಪಂಥದವರು ಇಂಗ್ಲೆಂಡಿನಲ್ಲಿ ಇದಕ್ಕಾಗಿ ಜೈಲಿಗೆ ಹೋದವರು. ನನಗೆ ಅಂಥದ್ದೇನೂ ಆಗಲಿಲ್ಲ. ಆದರೆ ನಮ್ಮದು ಕೇರಳ. ಇಲ್ಲಿ ದೇವರ ಹೆಸರು ಬಿಟ್ಟು 'ಸಗೌರವಂ' ಅಂತ ಪ್ರತಿಜ್ಞೆ ಮಾಡುವವರು ಯಾರು? ಹೊರಗೆ ಬಂದಾಗ ವಕೀಲರು ಹತ್ತಿರ ಬಂದು ಮೆಲ್ಲಗೆ, "ಮಾಷೆ, ನೀವು ಪಾರ್ಟಿಯಾ?" ಅಂತ ಕೇಳಿದರು. ಯೇಸುಸ್ವಾಮಿಯ ಮಾತನ್ನು ಒಮ್ಮೆ ಸರಿಯಾಗಿ ಕೇಳಿದ್ದಕ್ಕೆ ನಾನು ಕಮ್ಯುನಿಸ್ಟ್ ಆದೆ.

ಒಡವೆ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಇಲ್ಲದಿದ್ದರೆ ಮನೆಗೆ ಹೋದ ಮೇಲೆ ನನಗೆ ಕಷ್ಟ. ಪೇತ್ರನ ಮೊದಲ ಪತ್ರಿಕೆಯಲ್ಲಿ ಹೆಂಗಸರ ಅಲಂಕಾರ ಜಡೆ ಹೆಣೆದು ಚಿನ್ನ ಇಟ್ಟುಕೊಳ್ಳುವುದರಲ್ಲಿ ಇರಬಾರದು ಅಂತ ಇದೆ. ಪೆಂತೆಕೋಸ್ತ್ ಸಭೆಯ ನಮ್ಮ ನೆರೆಯವರು ಚಿನ್ನ ಪೂರಾ ಬಿಚ್ಚಿಟ್ಟಿದ್ದಾರೆ. ಮದುವೆಗೂ ತಾಳಿ ಇಲ್ಲ. ಚಿನ್ನದ ರೇಟಿನ ಮೇಲೆ ಮದುವೆ ನಿಲ್ಲುವ ಈ ನಾಡಿನಲ್ಲಿ ಅದು ಸಣ್ಣ ಕೆಲಸ ಅಲ್ಲ. ಹೆಣ್ಣು ಹೆತ್ತವರನ್ನು ಕೇಳಿ ನೋಡಿ. ನಮ್ಮ ಸಭೆಯವರು ಆ ವಚನ ಬಂದಾಗ, ಅದು ಆ ಕಾಲದ ರೋಮಿನ ಹೆಂಗಸರಿಗೆ ಹೇಳಿದ್ದು ಅನ್ನುತ್ತೇವೆ. ಇರಬಹುದು. ಅದೇ ಬಾಯಲ್ಲಿ ಪೆಂತೆಕೋಸ್ತಿನವರನ್ನು ಕೇಳುತ್ತೇವೆ, ಚಿನ್ನ ಬಿಟ್ಟವರು ಜಡೆ ಯಾಕೆ ಬಿಡಲಿಲ್ಲ ಅಂತ. ಇನ್ನೊಬ್ಬರ ಅಕ್ಷರದಲ್ಲಿ ತಪ್ಪು ಹುಡುಕುವಾಗ ನಮ್ಮ ಕಣ್ಣು ಎಷ್ಟು ಚುರುಕು!

ಕಣ್ಣು ಅಂದಾಗ ನೆನಪಾಯಿತು. ಬಲಗಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಅಂತ ಮತ್ತಾಯನಲ್ಲಿದೆ. ಅಜ್ಜಿ ಹೇಳುತ್ತಿದ್ದರು: "ಅದನ್ನು ನಡೆಸಿದ್ದರೆ ನಮ್ಮ ದೇವಾಲಯದಲ್ಲಿ ಗಂಡಸರ ಬದಿಗೆ ಕೂತವರೆಲ್ಲ ಒಕ್ಕಣ್ಣರು." ಅಲೆಕ್ಸಾಂಡ್ರಿಯದ ಒರಿಗೆನ್ ಅನ್ನುವ ದೊಡ್ಡ ವಿದ್ವಾಂಸ ಎಳೆ ಪ್ರಾಯದಲ್ಲಿ ಮತ್ತಾಯನ ಇನ್ನೊಂದು ವಚನ ಓದಿ ತನ್ನ ಮೈಗೇ ಕತ್ತಿ ಹಾಕಿಕೊಂಡ ಅಂತ ಹಳೆಯ ಚರಿತ್ರೆಕಾರ ಯುಸೇಬಿಯಸ್ ಬರೆದಿದ್ದಾನೆ. ಅದೇ ಒರಿಗೆನ್ ಮುಂದೆ ಬೈಬಲಿಗೆ ಗೂಢಾರ್ಥ ಹೇಳುವವರ ಗುರುವಾದ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಈಜಿಪ್ಟಿನ ಅಂತೋನಿಯ ಕಥೆ ಬೇರೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂತ ದೇವಾಲಯದಲ್ಲಿ ಓದುತ್ತಿದ್ದರು. ಹೊರಗೆ ಬಂದವನು ನೆಟ್ಟಗೆ ಹೋಗಿ ತನ್ನ ಜಮೀನು ಬಿಟ್ಟುಕೊಟ್ಟ. ಅವನನ್ನು ನಾವು ಸಂತ ಅನ್ನುತ್ತೇವೆ. ನಮ್ಮ ಮನೆಯ ಹುಡುಗ ಇವತ್ತು ಹಾಗೆ ಮಾಡಿದರೆ ಏನನ್ನುತ್ತೇವೆ?

ಅಕ್ಷರ ಹಿಡಿದವರೆಲ್ಲ ಒಂದೇ ಕಡೆ ನಿಲ್ಲುವುದೂ ಇಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಮತಸುಧಾರಕರಾದ ಲೂಥರ್ ಮತ್ತು ಸ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ಬೈಬಲೊಂದೇ ಪ್ರಮಾಣ ಅನ್ನುವವರು. 15 ವಿಷಯಗಳಲ್ಲಿ 14ಕ್ಕೆ ಒಪ್ಪಿದರು. ಉಳಿದದ್ದು ಒಂದೇ ವಾಕ್ಯ, ಕಡೆಯ ಊಟದಲ್ಲಿ ರೊಟ್ಟಿ ಮುರಿದು ಯೇಸುಸ್ವಾಮಿ ಹೇಳಿದ 'ಇದು ನನ್ನ ದೇಹ'. ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಅದನ್ನು ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಇದು ಅಂದರೆ ಇದೇ ಅಂದ. ಇದು ಅಂದರೆ ಇದರ ಗುರುತು ಅಂದ ಸ್ವಿಂಗ್ಲಿ. ಒಮ್ಮತಕ್ಕೆ ಬಾರದೆ ಎದ್ದರು. ನಮ್ಮನ್ನು ಕ್ರೈಸ್ತರನ್ನಾಗಿ ಮಾಡಿದ ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ಲೂಥರನ ಕಡೆಯ ಜರ್ಮನರನ್ನೂ ಸ್ವಿಂಗ್ಲಿ ಕಡೆಯ ಸ್ವಿಸ್ಸರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಕಲಿಸಿದ ಜಾಗ ಅದು. ಆ ಒಂದು ವಾಕ್ಯದ ಜಗಳವನ್ನು ಬದಿಗಿಟ್ಟು ಹಡಗು ಹತ್ತಿದವರು ಇಲ್ಲಿಗೆ ಬಂದರು. ಹಾಗಾಗಿಯೇ ಏನೋ, ರೊಟ್ಟಿಯ ತುಂಡು ಕೈಗೆ ಬಂದಾಗ ನಮ್ಮವರು ಜಾಸ್ತಿ ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ಕಹಿ ವಿಷಯ ಬಿಡುವ ಹಾಗಿಲ್ಲ. ಗುಲಾಮರು ಯಜಮಾನರಿಗೆ ವಿಧೇಯರಾಗಿರಲಿ ಅಂತ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿದೆ. ಅಮೆರಿಕದ ತೋಟದ ಧಣಿಗಳು ಅದನ್ನು ಬಾಯಿಪಾಠ ಮಾಡಿಸಿದರು. ನಾವು ಬರೆದ ಹಾಗೆ ಓದುವವರು ಅಂತಲೇ ಹೇಳಿಕೊಂಡರು. ಸರಿ. ಅದೇ ಬೈಬಲಿನಲ್ಲಿ, ಧರ್ಮೋಪದೇಶಕಾಂಡ 23ರಲ್ಲಿ, ಓಡಿ ಬಂದ ಗುಲಾಮನನ್ನು ಅವನ ಯಜಮಾನನಿಗೆ ಹಿಡಿದು ಕೊಡಬಾರದು ಅಂತ ಸ್ಪಷ್ಟವಾಗಿದೆ. ಅವನಿಗೆ ಇಷ್ಟ ಬಂದ ಊರಿನಲ್ಲಿ ಅವನು ಇರಲಿ ಅಂತಲೂ ಇದೆ. ಆ ದೇಶ 1850ರಲ್ಲಿ ಮಾಡಿದ ಕಾನೂನು ಏನು? ಓಡಿದ ಗುಲಾಮರನ್ನು ಹಿಡಿದು ವಾಪಸ್ ಕೊಡಲೇಬೇಕು! ಅವರು ಬೈಬಲನ್ನು ಜಾಸ್ತಿ ಅಕ್ಷರಶಃ ಓದಿದ್ದರಿಂದ ಹೀಗಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪುಟ ತಿರುಗಿಸದೆ ಓದಿದ್ದರಿಂದ ಹೀಗಾಯಿತು. ನಮ್ಮಲ್ಲೂ ಅಷ್ಟೇ. ಕ್ರಿಸ್ತನಲ್ಲಿ ದಾಸನೂ ಇಲ್ಲ, ಒಡೆಯನೂ ಇಲ್ಲ ಅಂತ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಭಾನುವಾರ ಓದಿ, ಸೋಮವಾರ ಮಗನಿಗೆ ಹೆಣ್ಣು ನೋಡಲು ಹೋಗುವಾಗ ಅವರ ಮೂಲ ಯಾವುದು ಅಂತ ವಿಚಾರಿಸುವ ಮನೆಗಳು ನನಗೆ ಗೊತ್ತು. ಮನೆ ಯಾವುದು ಅಂತ ಕೇಳಬೇಡಿ.

1986ರಲ್ಲಿ ನಾನು ಹೊಸ ಮೇಷ್ಟ್ರು. ಆಗ ಕೇರಳದಲ್ಲೆಲ್ಲ ಒಂದೇ ಚರ್ಚೆ. ಯೆಹೋವನ ಸಾಕ್ಷಿಗಳ ಪಂಥದ ಒಂದೇ ಮನೆಯ ಮೂರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ನಮ್ಮ ಸ್ತುತಿ ದೇವರಿಗೆ ಮಾತ್ರ ಅಂತ ಅವರ ನಂಬಿಕೆ. ಶಾಲೆಯಿಂದ ಹೊರಗೆ ಹಾಕಿದರು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಅದು ಸುಪ್ರೀಂ ಕೋರ್ಟಿನ ತನಕ ಹೋಯಿತು. ಹಾಡದೆ ಸುಮ್ಮನೆ ನಿಂತದ್ದು ಅವಮಾನ ಅಲ್ಲ ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಹೇಳಿತು. ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತು. ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಜಗಳ. ಅವರ ಓದು ನನಗೆ ಸರಿ ಕಾಣುವುದಿಲ್ಲ. ನಾನು ಜನಗಣಮನ ದೊಡ್ಡ ಸ್ವರದಲ್ಲಿ ಹಾಡುವವನು, ಶ್ರುತಿ ಇಲ್ಲ ಅಂತ ಬೈಸಿಕೊಂಡವನು. ಆದರೂ ಆ ಮಕ್ಕಳ ಮೇಲೆ ಒಂದು ಹೊಟ್ಟೆಕಿಚ್ಚು ಹುಟ್ಟಿತು. ಅಷ್ಟು ಸಣ್ಣ ಪ್ರಾಯದಲ್ಲಿ ಅವರು ಓದಿದ್ದಕ್ಕೆ ಬೆಲೆ ಕೊಟ್ಟಿದ್ದರು. ನಾನು ಅಲ್ಲಿ ತನಕ ಏನು ಕೊಟ್ಟಿದ್ದೆ?

ಮತ್ತೆ ಸ್ವರ್ಗದ ಬಸ್ಸಿಗೆ ಬರುತ್ತೇನೆ. ಅದೇ ಸ್ವರ್ಗ, ಅದೇ ಪಡ್ರೆ, ಅದೇ ವಾಣಿನಗರ. ಗೇರುತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಜಾಗ. 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತು. ಮತ್ತಾಯನ 25ನೇ ಅಧ್ಯಾಯದಲ್ಲಿ ಕಡೆಯ ದಿನದ ತೀರ್ಪು ಬರುತ್ತದೆ. ಅಲ್ಲಿ ಕೇಳುವುದು ನೀನು ಏನು ನಂಬಿದ್ದೆ ಅಂತ ಅಲ್ಲ. ನಾನು ಕಾಯಿಲೆ ಬಿದ್ದಿದ್ದೆ, ನೋಡಲು ಬಂದೆಯಾ ಅಂತ. ಹಸಿದಿದ್ದೆ, ಕೊಟ್ಟೆಯಾ ಅಂತ. ನಾವು ಸಭೆಯಿಂದ ಒಂದು ಸಲ ಅಕ್ಕಿ, ಬಟ್ಟೆ ತೆಗೆದುಕೊಂಡು ಹೋದೆವು. ಹಾಸಿಗೆಯಲ್ಲೇ ದೊಡ್ಡವಳಾದ ಒಬ್ಬ ಹುಡುಗಿಯ ತಾಯಿ ನಮಗೆ ಚಾ ಮಾಡಿಕೊಟ್ಟರು. ಹೊರಡುವಾಗ, "ಇನ್ನು ಯಾವಾಗ ಬರುತ್ತೀರಿ?" ಅಂದರು. ಮುಂದಿನ ತಿಂಗಳು ಅಂದೆವು. ಹೋಗಲಿಲ್ಲ. ಯೇಸುಸ್ವಾಮಿ ಹೇಳಿದ ಒಂದು ಕಥೆಯಲ್ಲಿ ಸಮಾರ್ಯದವನು ದಾರಿಯಲ್ಲಿ ಬಿದ್ದವನನ್ನು ನೋಡಿ ಕನಿಕರಪಟ್ಟ ಅಂತ ಕನ್ನಡದಲ್ಲಿ ಓದುತ್ತೇವೆ. ಗ್ರೀಕಿನಲ್ಲಿ ಅಲ್ಲಿರುವ ಮಾತು ಕರುಳಿನಿಂದ ಹುಟ್ಟಿದ್ದು. ಕರುಳು ಚುರ್ ಅಂತು ಅಂತ ನಾವು ಹೇಳುತ್ತೇವಲ್ಲ, ಅದು. ನಮ್ಮ ಭಾಷೆಯಲ್ಲಿ ಅಕ್ಷರಶಃ ಇಟ್ಟರೂ ಸರಿಯಾಗಿ ಕೂರುವ ಅಪರೂಪದ ಮಾತು. ಆ ದಿನ ನನ್ನ ಕರುಳು ಚುರ್ ಅಂದದ್ದು ನಿಜ. ಬಸ್ಸು ಪೆರ್ಲ ಮುಟ್ಟುವ ತನಕ.

ಕಡೆಯದಾಗಿ ನನ್ನ ತೋಟದ ಕಥೆ. ಇದಕ್ಕಾಗಿಯೇ ಇಷ್ಟು ಸುತ್ತು ಬಂದದ್ದು.

ನೆರೆಯವನ ಗಡಿಕಲ್ಲನ್ನು ಸರಿಸಬಾರದು ಅಂತ ಧರ್ಮೋಪದೇಶಕಾಂಡದ 19ರಲ್ಲಿದೆ. 27ರಲ್ಲಿ ಸರಿಸಿದವನಿಗೆ ಶಾಪ ಇದೆ. ಜ್ಞಾನೋಕ್ತಿಗಳಲ್ಲಿ ಇದೆ, ಯೋಬನಲ್ಲಿ ಇದೆ. ಗಡಿಯ ಕಷ್ಟ ನಮಗೆ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಬೇರೆ ಮಾಡುವಾಗ ಯಾರೋ ಎಳೆದ ಗೆರೆಯ ಈಚೆ ಬದಿಗೆ ಬಿದ್ದವರು ನಾವು. ಆ ಗೆರೆಯ ಬಗ್ಗೆ ನಾವು ಎಷ್ಟು ಸಭೆ ಮಾಡಿದೆವು! ನನ್ನ ಬೇಲಿಯ ಗೆರೆಯ ಬಗ್ಗೆ ನಾನು ಯಾವತ್ತೂ ಯೋಚಿಸಿರಲಿಲ್ಲ.

ಕೇರಳದಲ್ಲಿ 2022ರಲ್ಲಿ ಡಿಜಿಟಲ್ ರೀಸರ್ವೆ ಸುರುವಾಯಿತಲ್ಲ. ನಮ್ಮಲ್ಲಿಗೂ ಅಳೆಯಲು ಬಂದರು. ಅಳೆದು ನೋಡಿದರೆ ಪಕ್ಕದ ಹಾಜಿಯವರ 3 ಸೆಂಟ್ ಜಾಗ ನಮ್ಮ ಬೇಲಿಯ ಒಳಗಿದೆ. ಅದರಲ್ಲಿ ಅಪ್ಪ ನೆಟ್ಟ 14 ಅಡಿಕೆ ಮರ. 40 ವರ್ಷದ ಫಲ ನಾವು ತಿಂದಾಗಿದೆ. ಕಲ್ಲು ಸರಿಸಿದ್ದು ಯಾರು? ಅಪ್ಪನೋ, ಮಳೆಯೋ, ಕೆಲಸದವರೋ, ಯಾರಿಗೂ ಗೊತ್ತಿಲ್ಲ. ಅಪ್ಪ ಅಂತ ಹೇಳಲು ನಾಲಗೆ ಏಳುವುದಿಲ್ಲ.

ಮಗ ಊರಿಗೆ ಬಂದಿದ್ದ. "ಪಪ್ಪಾ, 12 ವರ್ಷ ದಾಟಿದರೆ ಸ್ವಾಧೀನದಲ್ಲಿ ಇದ್ದವರದ್ದೇ ಅಂತ ಕಾನೂನು ಇದೆ" ಅಂದ. ಇದೆ, ನನಗೂ ಗೊತ್ತು. ನಾನು ಗಡಿಕಲ್ಲಿನ ವಚನ ಹೇಳಿದೆ. "ಅದು ಇಸ್ರಾಯೇಲಿನ ಕುಲಗಳಿಗೆ ದೇಶ ಹಂಚುವಾಗ ಹೇಳಿದ್ದು" ಅಂದ. ನಾನು ಲೂಕ 19ರ ಜಕ್ಕಾಯನ ಕಥೆ ತೆಗೆದೆ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದವನು. "ಅದು ಜಕ್ಕಾಯ ತಾನಾಗಿ ಹೇಳಿದ್ದು, ಯೇಸುಸ್ವಾಮಿ ಕೇಳಿದ್ದಲ್ಲ" ಅಂದ. ನೋಡಿ, ಹುಡುಗ ಒಳ್ಳೆಯ ವ್ಯಾಖ್ಯಾನಕಾರ. ಭಾನುವಾರ ಶಾಲೆಯಲ್ಲಿ ನಾನೇ ಕಲಿಸಿದ್ದು. ಆರು ದಿನದ ಸೃಷ್ಟಿಯ ವಿಷಯದಲ್ಲಿ ನನಗಿಂತ ಬಿಗಿ ಅವನು. ಈ 3 ಸೆಂಟಿನ ಹತ್ತಿರ ಬಂದಾಗ ಮಾತ್ರ ಹಿನ್ನೆಲೆ, ಸಂದರ್ಭ ಎಲ್ಲ ನೆನಪಾಯಿತು. ಅವನನ್ನು ಬೈಯುತ್ತಿಲ್ಲ. ಆ ರಾತ್ರಿ ನಾನೂ ಇದೇ ದಾರಿಗಳನ್ನು ಒಂದೊಂದಾಗಿ ನೋಡಿದ್ದೆ.

ಬೆಳಿಗ್ಗೆ ಹಾಜಿಯವರ ಮನೆಗೆ ಹೋದೆ. ಜಾಗ ನಿಮ್ಮದು, ಮರಗಳೂ ನಿಮ್ಮವು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಮಾಷೆ, ಮರ ನೆಟ್ಟದ್ದು ನಿಮ್ಮ ತಂದೆ. ಅದು ಹೇಗೆ ನನ್ನದಾಗುತ್ತದೆ?" ಅಂದರು. ಕಲ್ಲು ನೆಡುವ ದಿನ ಇಬ್ಬರೂ ತೋಟಕ್ಕೆ ಹೋದೆವು. ಸರ್ವೆಯವರು ಗುರುತು ಹಾಕಿದರು. ಹಾಜಿಯವರು ಗುರುತಿನಿಂದ ಒಂದು ಗೇಣು ತಮ್ಮ ಬದಿಗೆ ಸರಿದು, ಇಲ್ಲಿ ನೆಡಿ ಅಂದರು. ಯಾಕೆ ಅಂದೆ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ತೆಗೆದುಕೊಂಡರೆ ಕಿಯಾಮತ್ ದಿನ, ಅಂದರೆ ಕಡೆಯ ತೀರ್ಪಿನ ದಿನ, ಏಳು ಭೂಮಿಗಳನ್ನು ಅವನ ಕೊರಳಿಗೆ ಕಟ್ಟುತ್ತಾರೆ ಅಂತ ಅವರಲ್ಲಿ ಪ್ರವಾದಿಯವರ ಮಾತು, ಹದೀಸ್, ಇದೆಯಂತೆ. "ಯಂತ್ರ ತಪ್ಪಿದರೆ? ನನ್ನ ಕೊರಳು ಸಣ್ಣದು ಮಾಷೆ" ಅಂದರು. ನಾನು ಬಿಡುತ್ತೇನಾ? ನಮ್ಮ ಪುಸ್ತಕದಲ್ಲೂ ಶಾಪ ಇದೆ ಅಂತ ಗುರುತಿನಿಂದ ಒಂದು ಗೇಣು ನನ್ನ ಬದಿಗೆ ತೋರಿಸಿದೆ. ಅವರು ಆಚೆ, ನಾನು ಈಚೆ. ಸರ್ವೆಯ ಹುಡುಗ ಕೈಯಲ್ಲಿ ಕಲ್ಲು ಹಿಡಿದು ಬಿಸಿಲಲ್ಲಿ ನಿಂತಿದ್ದ. "ನೀವಿಬ್ಬರೂ ಬೇಡ ಅಂದರೆ ಮಧ್ಯದ ಜಾಗವನ್ನು ಯಾರ ಹೆಸರಿಗೆ ಬರೆಯಲಿ?" ಅಂದ. ಕಡೆಗೆ ಯಂತ್ರ ಹೇಳಿದಲ್ಲೇ ನೆಟ್ಟ.

ಇಷ್ಟಕ್ಕೆ ನನ್ನ ಮಾತು ಮುಗಿದಿತ್ತು. ಚಾ ಬರುವ ಮೊದಲು ಪ್ರಶ್ನೆ ಕೇಳಬಹುದು ಅಂತ ಸೆಕ್ರೆಟರಿ ಹೇಳಿದರು. ಹಿಂದಿನ ಸಾಲಿನಲ್ಲಿ ಪ್ಲಸ್ ಟು ಓದುವ ಒಬ್ಬಳು ಹುಡುಗಿ ಎದ್ದಳು. "ಮಾಸ್ಟ್ರೇ, ಜಕ್ಕಾಯ ನಾಲ್ಕರಷ್ಟು ಕೊಟ್ಟ ಅಂದಿರಿ. ನಾಲ್ಕರಷ್ಟು ಅಂದರೆ 12 ಸೆಂಟ್. ನೀವು ಕೊಟ್ಟದ್ದು 3. ಉಳಿದ 9?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಾ ಬಂತು.